ರಿಯಾಯಿತಿ ಕಾರ್ಡು: ಕೊಳ್ಳುವ ಮೊದಲು ಒಂದು ಲೆಕ್ಕ

ಮನೆಯನ್ನೇ ಚಕ್ರಗಳ ಮೇಲೆ ಕೂರಿಸಿಕೊಂಡು ಊರೂರು ಸುತ್ತುವ ಪ್ರವಾಸ ಯುರೋಪಿನಲ್ಲಿ ಬಹು ಜನಪ್ರಿಯ. ಇಂಥ ವಾಹನಕ್ಕೆ ಮೋಟಾರ್‌ಹೋಮ್ ಎಂದು ಹೆಸರು. ಹೊರಗಿನಿಂದ ನೋಡಿದರೆ ಮಿನಿ ಬಸ್ಸು. ಒಳಗೆ ಹೋದರೆ ಮಲಗಲು ಹಾಸಿಗೆ, ಅಡುಗೆಗೆ ಅನಿಲದ ಒಲೆ, ಪುಟ್ಟ ಫ್ರಿಜ್, ನೀರಿನ ಟ್ಯಾಂಕು, ಶೌಚಾಲಯ ಎಲ್ಲವೂ ಉಂಟು. ಹೋಟೆಲು ಬಾಡಿಗೆಯ ಚಿಂತೆ ಇಲ್ಲ. ಆದರೆ ರಾತ್ರಿ ಈ ಮನೆಯನ್ನು ನಿಲ್ಲಿಸುವುದೆಲ್ಲಿ? ಕಂಡಕಂಡಲ್ಲಿ ನಿಲ್ಲಿಸಿ ಮಲಗಲು ಅಲ್ಲಿನ ಅನೇಕ ದೇಶಗಳ ಕಾನೂನು ಒಪ್ಪುವುದಿಲ್ಲ. ಅದಕ್ಕೆಂದೇ ಕ್ಯಾಂಪ್‌ಸೈಟ್ ಎಂಬ ತಂಗುದಾಣಗಳಿವೆ. ಪ್ರತಿ ವಾಹನಕ್ಕೆ ಒಂದು ಜಾಗ, ಪಕ್ಕದಲ್ಲಿ ವಿದ್ಯುತ್ ಕಂಬ, ಸ್ನಾನದ ಮನೆ, ಕೊಳಚೆ ನೀರು ಸುರಿಯುವ ವ್ಯವಸ್ಥೆ, ಇವಿಷ್ಟಕ್ಕೂ ದಿನಬಾಡಿಗೆ.

ಈ ಬಾಡಿಗೆ ವರ್ಷವಿಡೀ ಒಂದೇ ಆಗಿರುವುದಿಲ್ಲ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಶಾಲೆಗಳಿಗೆ ಬೇಸಿಗೆ ರಜೆ. ಮಕ್ಕಳನ್ನು ಕರೆದುಕೊಂಡು ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಬಾಡಿಗೆ ಏರುತ್ತದೆ. ಮೇ, ಸೆಪ್ಟೆಂಬರ್‌ಗಳಲ್ಲಿ ಅರ್ಧಕ್ಕರ್ಧ ಜಾಗ ಖಾಲಿ. ಇಂದು ರಾತ್ರಿ ಖಾಲಿ ಉಳಿದ ಜಾಗವನ್ನು ನಾಳೆ ಮಾರಲು ಸಾಧ್ಯವಿಲ್ಲ. ಹೊರಟುಹೋದ ಬಸ್ಸಿನ ಖಾಲಿ ಸೀಟಿನಂತೆ ಅದರ ಬೆಲೆ ಸೊನ್ನೆ. ಆದ್ದರಿಂದ ಮಾಲೀಕರು ಕಡಿಮೆ ಬೆಲೆಗಾದರೂ ಕೊಡಲು ಸಿದ್ಧರಾಗುತ್ತಾರೆ. ರಿಯಾಯಿತಿ ಯೋಜನೆಗಳು ಹುಟ್ಟಿದ್ದು ಇಲ್ಲಿಂದಲೇ. ಅದು ಔದಾರ್ಯವಲ್ಲ, ಬರೀ ವ್ಯವಹಾರ. ಇದನ್ನು ಮೊದಲು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ.

ಯೋಜನೆಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ವಾರ್ಷಿಕ ಕಾರ್ಡು. ನೆದರ್ಲೆಂಡ್ಸ್‌ನ ಎಸಿಎಸ್‌ಐ ಸಂಸ್ಥೆಯ ಕ್ಯಾಂಪಿಂಗ್ ಕಾರ್ಡು ಇದಕ್ಕೆ ಒಳ್ಳೆಯ ಉದಾಹರಣೆ. ಈ ಸಂಸ್ಥೆ 1965ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ ಎಡ್ ವಾನ್ ರೇನೆ ವೃತ್ತಿಯಿಂದ ಶಿಕ್ಷಕರು ಎಂಬುದು ವಿಶೇಷ. ವರ್ಷಕ್ಕೊಮ್ಮೆ ಶುಲ್ಕ ಕೊಟ್ಟು ಕಾರ್ಡು ಪಡೆದರೆ, ಪಟ್ಟಿಯಲ್ಲಿರುವ ತಂಗುದಾಣಗಳಲ್ಲಿ ಜನಸಂದಣಿ ಇಲ್ಲದ ದಿನಗಳಲ್ಲಿ ನಿಗದಿತ ಕಡಿಮೆ ದರ. ಆ ದರದಲ್ಲಿ ಸೇರುವುದು ಇಬ್ಬರು ಮಾತ್ರ. ಪ್ರವಾಸಿ ತೆರಿಗೆ ಬೇರೆ.

ಎರಡನೆಯದು ಮುಂಗಡ ಚೀಟಿ. ರಾತ್ರಿಗೊಂದರಂತೆ ಚೀಟಿಗಳನ್ನು ಮೊದಲೇ ಕೊಂಡಿಟ್ಟುಕೊಳ್ಳಬೇಕು. ಕ್ಯಾಂಪಿಂಗ್ ಚೆಕ್ ಎಂಬ ಯೋಜನೆ ಹೆಸರು ಮಾಡಿದ್ದು ಈ ಬಗೆಯಿಂದ. ದುಬಾರಿ ತಂಗುದಾಣದಲ್ಲಿ ಚೀಟಿ ಕೊಟ್ಟರೆ ಲಾಭ. ಮೊದಲೇ ಅಗ್ಗವಾಗಿರುವ ಕಡೆ ಕೊಟ್ಟರೆ ನಷ್ಟ. ಉಳಿದುಹೋದ ಚೀಟಿಯಂತೂ ಕಟ್ಟಿಹಾಕಿದ ಹಣ.

ಮೂರನೆಯದು ರೈತರ ಆತಿಥ್ಯ. 1990ರ ದಶಕದ ಆರಂಭದಲ್ಲಿ ಶುರುವಾದ ಫ್ರಾನ್ಸ್ ಪ್ಯಾಷನ್ ಯೋಜನೆಯಲ್ಲಿ ದ್ರಾಕ್ಷಿ ಬೆಳೆಗಾರರು, ಗಿಣ್ಣು ತಯಾರಕರು, ರೈತರು ತಮ್ಮ ಜಮೀನಿನಲ್ಲಿ 24 ಗಂಟೆ ಕಾಲ ಉಚಿತವಾಗಿ ನಿಲ್ಲಲು ಬಿಡುತ್ತಾರೆ. ಸದಸ್ಯತ್ವಕ್ಕೆ ಮಾತ್ರ ವಾರ್ಷಿಕ ಶುಲ್ಕ. ರೈತರ ಸರಕನ್ನು ಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. ಆದರೆ ವಾಹನದಲ್ಲಿ ಶೌಚಾಲಯ ಇರಲೇಬೇಕು. ವಿದ್ಯುತ್ತು, ಸ್ನಾನದ ಮನೆಗಳನ್ನು ನಿರೀಕ್ಷಿಸುವಂತಿಲ್ಲ.

ನಾಲ್ಕನೆಯದು ಗುರುತಿನ ಕಾರ್ಡು. ಕ್ಯಾಂಪಿಂಗ್ ಕಾರ್ಡ್ ಇಂಟರ್‌ನ್ಯಾಷನಲ್ ಎಂಬುದು ಈ ವರ್ಗದ್ದು. ಇದರ ಮುಖ್ಯ ಉಪಯೋಗ ರಿಯಾಯಿತಿಯಲ್ಲ. ತಂಗಿದ ಜಾಗದಲ್ಲಿ ಆಕಸ್ಮಿಕವಾಗಿ ಬೇರೆಯವರಿಗೆ ಹಾನಿಯಾದರೆ ವಿಮೆಯ ರಕ್ಷಣೆ ಸಿಗುತ್ತದೆ. ರಿಯಾಯಿತಿ ಸಿಕ್ಕರೆ ಅದು ಮೇಲಿನ ಲಾಭ.

ಇವುಗಳಲ್ಲಿ ಯಾವುದು ಒಳ್ಳೆಯದು? ಹೀಗೆ ಕೇಳಿದರೆ ಉತ್ತರವೇ ಇಲ್ಲ. ಯಾರಿಗೆ, ಯಾವಾಗ, ಎಷ್ಟು ರಾತ್ರಿಗೆ ಎಂದು ಕೇಳಬೇಕು. ಇಲ್ಲಿ ಎಂಟನೇ ತರಗತಿಯ ಬೀಜಗಣಿತವೇ ಸಾಕು.

ಉಳಿತಾಯ = (ರಾತ್ರಿಗಳ ಸಂಖ್ಯೆ × ಒಂದು ರಾತ್ರಿಯ ದರವ್ಯತ್ಯಾಸ) − ಶುಲ್ಕ.

ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಇಟ್ಟುಕೊಳ್ಳಿ. ಕಾರ್ಡಿನ ಶುಲ್ಕ 20 ಯೂರೋ. ಮೇ ತಿಂಗಳಲ್ಲಿ ಒಂದು ತಂಗುದಾಣದ ಮಾಮೂಲಿ ದರ 28 ಯೂರೋ, ಕಾರ್ಡಿದ್ದವರಿಗೆ 20. ವ್ಯತ್ಯಾಸ 8 ಯೂರೋ. ಎರಡು ರಾತ್ರಿ ತಂಗಿದರೆ 16 ಯೂರೋ ಉಳಿದು 20 ಖರ್ಚಾಯಿತು, ಅಂದರೆ 4 ಯೂರೋ ನಷ್ಟ. ಮೂರು ರಾತ್ರಿಗೆ 4 ಯೂರೋ ಲಾಭ. ನಿವೃತ್ತ ದಂಪತಿಗಳು ಮೇ ತಿಂಗಳಲ್ಲಿ 30 ರಾತ್ರಿ ಸುತ್ತಿದರೆ 220 ಯೂರೋ ಉಳಿಯುತ್ತದೆ. ಅವರಿಗೆ ಕಾರ್ಡು ಕೊಳ್ಳಲು ಯೋಚಿಸಬೇಕಾದ್ದೇ ಇಲ್ಲ.

ಈಗ ಇಬ್ಬರು ಶಾಲಾ ಮಕ್ಕಳಿರುವ ಕುಟುಂಬವನ್ನು ನೋಡಿ. ಅವರು ಹೊರಡುವುದು ಜುಲೈ ಕೊನೆಯಲ್ಲಿ. ಆಗ ಬಹುತೇಕ ತಂಗುದಾಣಗಳು ಕಾರ್ಡನ್ನು ಒಪ್ಪುವುದಿಲ್ಲ. ದರವ್ಯತ್ಯಾಸ ಸೊನ್ನೆ. ಸೊನ್ನೆಯನ್ನು ಎಷ್ಟು ರಾತ್ರಿಗಳಿಂದ ಗುಣಿಸಿದರೂ ಸೊನ್ನೆಯೇ. ಕೊನೆಗೆ ಉಳಿಯುವುದು 20 ಯೂರೋ ನಷ್ಟ. ಮೇ ತಿಂಗಳಲ್ಲೇ ಹೋದರೂ ಮಕ್ಕಳಿಗೆ ಅನೇಕ ಕಡೆ ಬೇರೆ ಹಣ ತೆರಬೇಕು. ಹಣದ ಬಿಗಿ ಹೆಚ್ಚಾಗಿರುವುದು ಮಕ್ಕಳಿರುವ ಮನೆಯಲ್ಲಿ. ರಿಯಾಯಿತಿ ಮಾತ್ರ ಶಾಲೆಯ ಹಂಗಿಲ್ಲದವರಿಗೆ! ಜಾಹೀರಾತಿನಲ್ಲಿ ದೊಡ್ಡ ಅಕ್ಷರದ ಶೇಕಡಾವಾರು ಕಾಣುತ್ತದೆಯೇ ಹೊರತು ಈ ಮಾತು ಅಷ್ಟು ಎದ್ದು ಕಾಣುವುದಿಲ್ಲ.

ಹಾಗಾದರೆ ಇಂಥ ಕುಟುಂಬಗಳಿಗೆ ದಾರಿಯೇ ಇಲ್ಲವೇ? ಇದೆ. ಯುರೋಪಿನ ಎಲ್ಲ ಶಾಲೆಗಳಿಗೂ ಒಂದೇ ದಿನ ರಜೆ ಬರುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಜೂನ್ ಕೊನೆಗೇ ರಜೆ ಆರಂಭವಾಗಿ ಆಗಸ್ಟ್ ಮಧ್ಯದಲ್ಲಿ ಶಾಲೆ ತೆರೆಯುತ್ತದೆ. ಜರ್ಮನಿಯಲ್ಲಿ ರಾಜ್ಯಕ್ಕೊಂದು ವೇಳಾಪಟ್ಟಿ. ಬವೇರಿಯಾದ ಮಕ್ಕಳಿಗೆ ಸೆಪ್ಟೆಂಬರ್ ಎರಡನೆಯ ವಾರದವರೆಗೂ ರಜೆ. ಇಂಥವರು ರಜೆಯ ಅಂಚಿನ ದಿನಗಳಲ್ಲಿ ಪ್ರವಾಸ ಇಟ್ಟುಕೊಂಡರೆ ಕಾರ್ಡಿಗೆ ಬೆಲೆ ಬರುತ್ತದೆ. ನಡು ಬೇಸಿಗೆಯಲ್ಲೇ ಹೊರಡಬೇಕಾದವರಿಗೆ ರೈತರ ಜಮೀನಿದೆ. ಫ್ರಾನ್ಸಿನಲ್ಲಿ ಪುರಸಭೆಗಳು ಮೋಟಾರ್‌ಹೋಮ್‌ಗಳಿಗೆಂದೇ ಏರ್ಪಡಿಸಿದ ನಿಲ್ದಾಣಗಳೂ ಇವೆ. ಜರ್ಮನಿಯಲ್ಲಿ ಇಂಥದಕ್ಕೆ ಸ್ಟೆಲ್‌ಪ್ಲಾಟ್ಸ್ ಎನ್ನುತ್ತಾರೆ. ಸೌಕರ್ಯ ಕಡಿಮೆ, ಬಾಡಿಗೆಯೂ ಕಡಿಮೆ, ಕೆಲವು ಕಡೆ ಬಾಡಿಗೆಯೇ ಇಲ್ಲ. ಇಲ್ಲಿ ಯಾವ ಕಾರ್ಡೂ ಬೇಕಿಲ್ಲ.

ಇನ್ನೊಂದು ಗುಪ್ತ ಖರ್ಚು ಇಂಧನದ್ದು. ಪಟ್ಟಿಯಲ್ಲಿರುವ ತಂಗುದಾಣ ದಾರಿಯಲ್ಲೇ ಇರಬೇಕೆಂದೇನೂ ಇಲ್ಲ. ಅದನ್ನು ಹುಡುಕಿಕೊಂಡು 40 ಕಿಲೋಮೀಟರ್ ಹೆಚ್ಚು ಓಡಿಸಬೇಕಾಯಿತು ಎನ್ನಿ. ವಾಹನ 100 ಕಿಲೋಮೀಟರಿಗೆ 12 ಲೀಟರ್ ಕುಡಿದರೆ 40ಕ್ಕೆ 4.8 ಲೀಟರ್. ಲೀಟರಿಗೆ 1.70 ಯೂರೋ ಎಂದು ಹಿಡಿದರೆ 8.16 ಯೂರೋ. ಉಳಿಸಲು ಹೊರಟದ್ದು 8 ಯೂರೋ! ಅಗ್ಗದ ಆಸೆಗೆ ಹೋಗಿ ಮುಗ್ಗಿದ ಜೋಳ ತಂದಂತಾಯಿತು.

ವಿಜ್ಞಾನದ ವಿದ್ಯಾರ್ಥಿಗಳು ವಿದ್ಯುತ್ ಕಂಬವನ್ನೂ ಮರೆಯಬಾರದು. ರಿಯಾಯಿತಿ ದರದಲ್ಲಿ ವಿದ್ಯುತ್ತು ಸೇರಿದೆ ಎಂದ ಮಾತ್ರಕ್ಕೆ ಬೇಕಾದಷ್ಟು ಬಳಸಬಹುದು ಎಂದಲ್ಲ. ಅಲ್ಲಿ ವೋಲ್ಟೇಜು 230. ಕಂಬದಿಂದ 6 ಆಂಪಿಯರ್ ಮಾತ್ರ ಸಿಗುವುದಾದರೆ ಪಡೆಯಬಹುದಾದ ಸಾಮರ್ಥ್ಯ 230 × 6 = 1380 ವಾಟ್. ನೀರು ಕಾಯಿಸುವ 2000 ವಾಟಿನ ಕೆಟಲ್ ಹಾಕಿದರೆ ಫ್ಯೂಸು ಹೋಗಿ ಕತ್ತಲಾದೀತು. ದಿನಕ್ಕೆ ಇಷ್ಟೇ ಯೂನಿಟ್ ಎಂಬ ಮಿತಿಯೂ ಇರಬಹುದು. ಮಿತಿ 4 ಯೂನಿಟ್ ಆಗಿದ್ದು, ಚಳಿಗೆ 1000 ವಾಟಿನ ಹೀಟರನ್ನು 8 ಗಂಟೆ ಉರಿಸಿದರೆ 8 ಯೂನಿಟ್ ಆಗುತ್ತದೆ. ಮಿಕ್ಕ ನಾಲ್ಕಕ್ಕೆ ಬೇರೆ ಬಿಲ್ಲು ಬರಬಹುದು.

ಹೀಗಾಗಿ ಯಾವುದೇ ಯೋಜನೆಗೆ ಹಣ ಕಟ್ಟುವ ಮೊದಲು ಐದು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದು ಉತ್ತರ ತುಂಬಬೇಕು. ತಾವು ಹೋಗುವ ದಿನಗಳಲ್ಲಿ ಅದು ನಡೆಯುತ್ತದೆಯೇ? ದರದಲ್ಲಿ ಎಷ್ಟು ಜನ ಸೇರುತ್ತಾರೆ? ತಮ್ಮ ದಾರಿಯಲ್ಲಿ ಎಷ್ಟು ತಂಗುದಾಣಗಳಿವೆ? ಏನೇನು ಸೇರಿಲ್ಲ? ಎಷ್ಟನೆಯ ರಾತ್ರಿಗೆ ಶುಲ್ಕ ಹಿಂದಿರುಗುತ್ತದೆ? ಕೊನೆಯ ಉತ್ತರ, ಕಾರ್ಡು ನಿಜವಾಗಿ ನಡೆಯುವ ರಾತ್ರಿಗಳ ಸಂಖ್ಯೆಗಿಂತ ಕಡಿಮೆ ಇದ್ದರೆ ಕೊಳ್ಳಬಹುದು. ಹೆಚ್ಚಿದ್ದರೆ ಬೇಡ.

ಯುರೋಪಿಗೆ ಹೋಗದವರಿಗೂ ಈ ಸಮೀಕರಣ ಉಪಯುಕ್ತ. ತಿಂಗಳ ಬಸ್ ಪಾಸಿಗೂ ಇದೇ ಲೆಕ್ಕ. ತಂದೆ ತಾಯಿಗಳು ಮುಂದಿನ ಬಾರಿ ಯಾವುದಾದರೂ ಪಾಸನ್ನೋ ಸದಸ್ಯತ್ವವನ್ನೋ ಕೊಳ್ಳುವಾಗ ಕಾಗದ, ಪೆನ್ಸಿಲನ್ನು ಮಗುವಿನ ಕೈಗೆ ಕೊಡಲಿ. ಎಷ್ಟನೆಯ ದಿನದಿಂದ ಲಾಭ ಎಂದು ಅದೇ ಲೆಕ್ಕ ಹಾಕಿ ಹೇಳಲಿ.