ಮೊದಲ ಸಾಲಲ್ಲೇ ಸುಳ್ಳು ಬೇಡ
‘ನನ್ನ ಲ್ಯಾಪ್‌ಟಾಪಲ್ಲಿ ಓಡುತ್ತಲ್ಲ ಗುರೂ!’ ಲ್ಯಾಬಲ್ಲಿ ನಾವೆಲ್ಲ ಹೇಳೋ ಮಾತಿದು. ಹೋದ ಸೆಮಿಸ್ಟರ್ ನಾನೂ ಹೇಳಿದ್ದೆ. ನನ್ನ ಬ್ಯಾಕಪ್ ಸ್ಕ್ರಿಪ್ಟ್ ಫೆಡೋರಾದಲ್ಲಿ ಚೆನ್ನಾಗೇ ಓಡ್ತಿತ್ತು. ಅದನ್ನೇ ಫ್ರೆಂಡ್ ತನ್ನ ಉಬುಂಟುವಿನಲ್ಲಿ ಓಡಿಸಿದ. ಸರಿಯಿದ್ದ ಹಳೇ ಕಾಪಿಯ ಮೇಲೆ ಅವತ್ತಿನ ಕೆಟ್ಟ ಕಾಪಿ ಬಂದು ಕೂತಿತು. ಅವನ ಎರಡು ವಾರದ ಕೋಡ್ ಹೋಯ್ತು.

ಕಾರಣ ಮೊದಲ ಸಾಲು. ಅಲ್ಲಿ ‘ಎಸ್‌ಎಚ್’ ಅಂತ ಹಾಕಿ, ಕೆಳಗೆ ನಾನು ಬರೆದದ್ದು ಬ್ಯಾಶ್. ಫೆಡೋರಾದಲ್ಲಿ ಎಸ್‌ಎಚ್ ಅಂದ್ರೆ ಬ್ಯಾಶೇ. ಉಬುಂಟುವಿನಲ್ಲಿ 2006ರಿಂದ ಅದು ಡ್ಯಾಶ್. ಡ್ಯಾಶ್‌ಗೆ ಜೋಡಿ ಬ್ರ್ಯಾಕೆಟ್ [[ ಗೊತ್ತಿಲ್ಲ. ಅಂಥ ಕಮಾಂಡ್ ಇಲ್ಲ ಅಂತ ಒಂದು ಸಾಲು ಗೊಣಗಿ, ನಿಲ್ಲದೆ ‘ಎಲ್ಸ್’ ಭಾಗಕ್ಕೆ ಹೋಗುತ್ತೆ. ‘ಹಳೇ ಬ್ಯಾಕಪ್ ಇದೆಯಾ?’ ಅನ್ನೋ ಪ್ರಶ್ನೆಗೆ ಯಾವಾಗಲೂ ‘ಇಲ್ಲ’ ಅನ್ನೋದೇ ಉತ್ತರ.

ಎಲ್ಲರೂ ಪಾಸಿಕ್ಸ್ ಮಾತ್ರ ಬರೀಬೇಕು ಅಂತ ನಾನು ಹೇಳಲ್ಲ. ಬ್ಯಾಶ್ ಬೇಕಿದ್ರೆ ಬಳಸಿ, ಆದರೆ ಮೊದಲ ಸಾಲಲ್ಲಿ ಬ್ಯಾಶ್ ಅಂತಲೇ ಹಾಕಿ. ಆಗಲೂ ಮ್ಯಾಕ್ ಇರೋರನ್ನ ಮರೀಬೇಡಿ: ಆಪಲ್ ಕೊಡೋ ಬ್ಯಾಶ್ ಇನ್ನೂ 3.2, ಅಸೋಸಿಯೇಟಿವ್ ಅರೇ ಬಂದದ್ದು 4ರಲ್ಲಿ. ಎಸ್‌ಎಚ್ ಅಂತ ಹಾಕಿದ್ರೆ ಒಂದೇ ಬ್ರ್ಯಾಕೆಟ್, ಹೋಲಿಕೆಗೆ ಒಂದೇ =, ವೇರಿಯಬಲ್‌ಗೆ ಕೋಟ್ಸ್. ಯಾರಿಗಾದರೂ ಕೊಡೋ ಮುಂಚೆ ಡ್ಯಾಶಲ್ಲಿ ಒಮ್ಮೆ ಓಡಿಸಿ, ಶೆಲ್‌ಚೆಕ್‌ಗೂ ಹಾಕಿ. ಐದು ನಿಮಿಷದ ಕೆಲಸ.

ಪೋರ್ಟಬಲ್ ಅನ್ನೋದು ವೈವಾಗೆ ಉರು ಹೊಡೆಯೋ ಪದ ಅಲ್ಲ. ಸ್ಕ್ರಿಪ್ಟ್ ಇನ್ನೊಬ್ಬರ ಕೈಗೆ ಕೊಟ್ಟ ಮೇಲೆ ಅವರ ಫೈಲ್‌ಗಳ ಜವಾಬ್ದಾರಿಯೂ ನಮ್ಮದೇ.