ಮಿತವೆಂದರೆ ಕಡಿಮೆಯಲ್ಲ



ಸಂಸ್ಕೃತದಲ್ಲಿ ‘ಮಾ’ ಎಂಬ ಧಾತುವಿಗೆ ಅಳೆಯುವುದು ಎಂದರ್ಥ. ಮಾನ, ಪರಿಮಾಣ, ಮಿತ ಎಂಬ ಶಬ್ದಗಳೆಲ್ಲವೂ ಅದರಿಂದಲೇ ಹುಟ್ಟಿದವು. ಆದಕಾರಣ ಮಿತವೆಂದರೆ ಕಡಿಮೆಯಾದದ್ದಲ್ಲ, ಅಳೆದದ್ದು. ಮೂವತ್ತು ವರ್ಷ ಹುಡುಗರಿಗೆ ಇದನ್ನೇ ಪಾಠ ಹೇಳಿದ ನನಗೆ ಇದರ ತಾತ್ಪರ್ಯವು ಮನಸ್ಸಿಗೆ ಹತ್ತಿದ್ದು ಕಳೆದ ತಿಂಗಳು.

ತೀರ್ಥಹಳ್ಳಿಯ ಕಡೆಯ ಹಳ್ಳಿಯೊಂದರಲ್ಲಿರುವ ನನ್ನ ಅಕ್ಕನಿಗೆ ಎರಡು ದಿನಗಳಲ್ಲಿ ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆಯೆಂದು ನಿಶ್ಚಯವಾಗಿತ್ತು. ಆ ಸಾಯಂಕಾಲ ಅವಳ ಮೊಮ್ಮಗನು ಕಂಪ್ಯೂಟರಿನ ಬ್ರೌಸರಿನಲ್ಲಿ ತಾನೇ ರಚಿಸಿದ ಪುಟವೊಂದನ್ನು ತೆರೆದು ನಮ್ಮಿಬ್ಬರನ್ನು ಮುಖಾಮುಖಿಯಾಗಿಸಿದನು. ಅಕ್ಕನ ಮುಖವೇನೋ ನಿಚ್ಚಳವಾಗಿ ಮೂಡಿತು. ಆದರೆ “ತಮ್ಮಾ, ನನಗೆ…” ಎಂದವಳ ಬಾಯಿ ತೆರೆದಂತೆಯೇ ಸ್ತಬ್ಧವಾಯಿತು. ಧ್ವನಿಯು ಚೂರುಚೂರಾಗಿ ಬಂದು ನಿಂತುಹೋಯಿತು. ಮೂರು ಸಲವೂ ಹೀಗೆಯೇ ಆಯಿತು.

ಕಾರಣವನ್ನು ಹುಡುಗನು ಆಮೇಲೆ ವಿವರಿಸಿದನು. ಬ್ರೌಸರಿನಿಂದ ಬ್ರೌಸರಿಗೆ ಮಾತನ್ನೂ ಚಿತ್ರವನ್ನೂ ತತ್‌ಕ್ಷಣ ಒಯ್ಯುವ ಈ ವಿಧಾನಕ್ಕೆ ವೆಬ್‌ಆರ್‌ಟಿಸಿ ಎಂದು ಹೆಸರು; 2021ರಲ್ಲಿ ಅದು ಅಧಿಕೃತ ಮಾನಕವಾಯಿತು. ಅದರಲ್ಲಿ ಒಳ್ಳೆಯ ಚಿತ್ರವು ಸೆಕೆಂಡಿಗೆ 2,500 ಕಿಲೋಬಿಟ್ಟುಗಳನ್ನು ನುಂಗಬಲ್ಲುದು. ಮಾತಿಗಾದರೋ, 2012ರಲ್ಲಿ ಮಾನಕವಾದ ಓಪಸ್ ಎಂಬ ಸಂಕೇತಕ್ರಮದಿಂದ, 32 ಕಿಲೋಬಿಟ್ಟು ಧಾರಾಳ. ದಾರಿಯ ಅಗಲವನ್ನು ಯಂತ್ರವು ತಾನೇ ಅಂದಾಜುಮಾಡುವುದುಂಟು. ಆದರೆ ಹಳ್ಳಿಯ ಸಂಪರ್ಕವು ಗಳಿಗೆಗೊಂದು ಬಗೆ. ಅಂದಾಜು ತಪ್ಪಿತೆಂದರೆ, ಕಿರಿದಾದ ಓಣಿಯಲ್ಲಿ ಹುಲ್ಲಿನ ಗಾಡಿಗಳು ಸಾಲುಗಟ್ಟಿದಾಗ ಹಿಂದೆ ಬರುವ ಅಂಚೆಯವನೂ ನಿಲ್ಲಬೇಕಾಗುವಂತೆ, ಚಿತ್ರದ ಹಿಂದೆ ಮಾತೂ ತಡೆದು ನಿಲ್ಲುವುದು. ತೀರ ತಡವಾಗಿ ಬಂದ ಮಾತು ಕಿವಿಗೆ ಮುಟ್ಟದೆ ವ್ಯರ್ಥವಾಗುವುದು.

ಇದಕ್ಕೆ ಪರಿಹಾರವು ಕಳುಹಿಸುವವರ ಕೈಯಲ್ಲಿದೆ. ಹುಡುಗನು ತನ್ನ ಪುಟದಲ್ಲಿ ‘ಮ್ಯಾಕ್ಸ್‌ಬಿಟ್‌ರೇಟ್’ ಎಂಬ ಸ್ಥಾನದಲ್ಲಿ ಚಿತ್ರಕ್ಕೆ 2,50,000 ಎಂದೂ ಧ್ವನಿಗೆ 32,000 ಎಂದೂ ಬರೆದನು. ಅಲ್ಲಿಯ ಲೆಕ್ಕವು ಕಿಲೋಬಿಟ್ಟುಗಳಲ್ಲಲ್ಲ, ಬಿಟ್ಟುಗಳಲ್ಲಿ; 250 ಎಂದಷ್ಟೇ ಬರೆದರೆ ಚಿತ್ರವು ಉಸಿರಾಡಲಾರದು. ಇದು ಮೇಲಿನ ಮಿತಿಯೇ ಹೊರತು, ಅಷ್ಟು ತಲುಪಿಯೇ ತೀರುವುದೆಂಬ ಭರವಸೆಯಲ್ಲ ಎಂಬುದನ್ನೂ ನೆನಪಿಡತಕ್ಕದ್ದು.

ಮತ್ತೆ ಕರೆದಾಗ ಅಕ್ಕನ ಮುಖವು ತುಸು ಮಸುಕಾಗಿತ್ತು. ಮಾತು ಮಾತ್ರ ಪಕ್ಕದಲ್ಲಿ ಕುಳಿತು ಆಡಿದಂತೆ ಕೇಳಿಸಿತು: “ತಮ್ಮಾ, ನನಗೆ ಭಯವಾಗುತ್ತಿದೆ. ನೀನು ಬಾ.”

ಆ ರಾತ್ರಿಯ ಬಸ್ಸಿಗೇ ಹೊರಟೆನು. ದೇವರ ದಯದಿಂದ ಅಕ್ಕ ಈಗ ಮನೆಯಲ್ಲಿ ಸುಖವಾಗಿದ್ದಾಳೆ.

ಪುಟ ರಚಿಸಲು ಬಾರದ ನಮ್ಮಂಥ ಗೃಹಸ್ಥರು ಇಷ್ಟನ್ನು ಮಾಡಬಹುದು: ಮಾತು ಮುರಿಯಿತೆಂದರೆ ಎರಡೂ ಕಡೆ ಚಿತ್ರವನ್ನು ಮುಚ್ಚಿ ಮಾತನಾಡುವುದು. ಖರ್ಚೂ ಉಳಿಯುವುದು. 2,500 ಕಿಲೋಬಿಟ್ಟಿನ ಚಿತ್ರವು ಗಂಟೆಗೆ ಸುಮಾರು 1,100 ಮೆಗಾಬೈಟು ತಿಂದರೆ, 250ರದು ಸುಮಾರು 110ರಲ್ಲಿ ತೃಪ್ತಿಪಡುವುದು.

ದೂರದಲ್ಲಿರುವವರ ಮುಖವನ್ನು ಕಾಣಬೇಕೆಂಬ ಆಸೆ ತಪ್ಪಲ್ಲ. ಆದರೆ ಆ ಮುಖವು ಏನನ್ನು ಹೇಳಲು ಬಂದಿದೆಯೋ, ಅದಕ್ಕೆ ಮೊದಲು ದಾರಿ ಬಿಡೋಣ.