ತಪ್ಪು ಮಗುವಿನದೋ, ಕ್ಯಾಂಡಿಯದೋ?

ನಮ್ಮ ಶಾಲೆಯ ಗೇಟಿನ ಪಕ್ಕದ ಹುಣಸೆಮರದ ಕೆಳಗೆ, ಸೈಕಲ್ಲಿಗೆ ಮರದ ಪೆಟ್ಟಿಗೆ ಕಟ್ಟಿಕೊಂಡು ನಿಲ್ಲುತ್ತಿದ್ದ ಐಸ್‌ಕ್ಯಾಂಡಿಯವನು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅವನು ರಬ್ಬರಿನ ಹಾರನ್ ಒತ್ತಿದನೆಂದರೆ ಹನ್ನೆರಡರ ಮಗ್ಗಿ ಏಳಕ್ಕೇ ನಿಂತುಬಿಡುತ್ತಿತ್ತು. ಮೊದಮೊದಲು ಅವನಲ್ಲಿದ್ದುದು ಕಡ್ಡಿಯ ಕ್ಯಾಂಡಿ ಮಾತ್ರ. ಅನಂತರ ಉದ್ದನೆಯ ಪ್ಲಾಸ್ಟಿಕ್ ಕೊಳವೆಯಲ್ಲಿ ಬಣ್ಣದ ಸಿಹಿನೀರನ್ನು ಹೆಪ್ಪುಗಟ್ಟಿಸಿದ ಬಗೆಯೊಂದು ಬಂದಿತು.

1996ರ ಮಾರ್ಚ್ ತಿಂಗಳು. ನಾಲ್ಕನೆಯ ತರಗತಿಯ ಬಾಲಕನೊಬ್ಬ ಆ ಕೊಳವೆಯ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದ. ಹರಿದ ಚೂರು ಗಂಟಲಿಗೆ ಇಳಿಯಿತು. ಕೆಮ್ಮಿ ಕೆಮ್ಮಿ ಅವನ ಮುಖ ಕಪ್ಪಿಟ್ಟಿತು. ನಮ್ಮ ಮುಖ್ಯೋಪಾಧ್ಯಾಯಿನಿಯವರು ಅವನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಬಲವಾಗಿ ತಟ್ಟಿದ ಮೇಲೆ ಉಗುರಿನಷ್ಟು ಗಾತ್ರದ ಪ್ಲಾಸ್ಟಿಕ್ ಹೊರಬಂದಿತು. ಅವನು ಉಸಿರಾಡಿದ. ಆಗ ನಾನು ಮಾಡಿದ್ದೇನು? "ನಾಯಿಯ ಹಾಗೆ ಕಚ್ಚುತ್ತೀಯಾ?" ಎಂದು ಗದರಿಸಿ ಎರಡು ಏಟು ಕೊಟ್ಟೆ. ಮರುದಿನ "ಯಾರೂ ಐಸ್‌ಕ್ಯಾಂಡಿ ಕೊಳ್ಳಕೂಡದು" ಎಂದು ಕರಿಹಲಗೆಯ ಮೇಲೆ ಬರೆದೆ. ಕ್ಯಾಂಡಿಯವನು ಒಂದು ಫರ್ಲಾಂಗು ಆಚೆಗೆ ಹೋಗಿ ನಿಂತ, ಅಷ್ಟೇ.

ಕಳೆದ ಬೇಸಿಗೆಯಲ್ಲಿ ನನ್ನ ಮೊಮ್ಮಗಳು ಅಂಥದೇ ಕೊಳವೆಯೊಂದನ್ನು ಹಿಡಿದು ಬಂದು, "ತಾತಾ, ಬಿಚ್ಚಿ ಕೊಡಿ" ಎಂದಳು. ಬೆರಳಿನಿಂದ ಹರಿಯಲಾಗಲಿಲ್ಲ. ಹೆಪ್ಪುಗಟ್ಟಿದ ಪ್ಲಾಸ್ಟಿಕ್ ಒದ್ದೆಯಾಗಿ ಜಾರುತ್ತಿತ್ತು. ನನಗರಿವಿಲ್ಲದೆಯೇ ಅದನ್ನು ಬಾಯಿಗಿಟ್ಟು ಕಚ್ಚಿದೆ! ಎಪ್ಪತ್ತು ದಾಟಿದ ಮುದುಕನೇ ಹೀಗೆ ಮಾಡುವಾಗ ಒಂಬತ್ತು ವರ್ಷದ ಬಾಲಕ ಮತ್ತೇನು ಮಾಡಿಯಾನು? ಆ ವಸ್ತುವನ್ನು ಬಿಚ್ಚಲು ಅದನ್ನು ಮಾಡಿದವರು ಬೇರೆ ದಾರಿಯನ್ನೇ ಇಟ್ಟಿರಲಿಲ್ಲ.

ಶ್ಯಾಂಪೂವಿನ ಸಣ್ಣ ಪೊಟ್ಟಣದ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಅಲ್ಲಿ ಹಿಡಿದೆಳೆದರೆ ಅದು ನೇರವಾಗಿ ಹರಿಯುತ್ತದೆ. ದೊಡ್ಡವರ ತಲೆಗೂದಲಿಗೆ ದೊರೆತ ಈ ಸೌಕರ್ಯವು ಮಗುವಿನ ಬಾಯಿಗೆ ಹೋಗುವ ವಸ್ತುವಿಗೆ ಏಕೆ ಬೇಡ? ಕೊಳವೆಯ ತುದಿಯಲ್ಲಿ ಅಂಥ ಕಚ್ಚು, ಹಿಡಿಯಲು ಅಗಲವಾದ ಕಿವಿ, ಹರಿದ ಮೇಲೂ ತುಂಡಾಗಿ ಬೀಳದೆ ಅಂಟಿಕೊಂಡೇ ಇರುವ ಮುಚ್ಚಳಿಕೆ ಇವಿಷ್ಟಿದ್ದರೆ ಸಾಕಾಗಿತ್ತು. ಬೆಸುಗೆಯ ಗಡುಸು ಅಂಚು ಮಕ್ಕಳ ತುಟಿಯ ಕೊನೆಯನ್ನು ಕುಯ್ಯುವುದನ್ನು ತಾಯಂದಿರೆಲ್ಲರೂ ಬಲ್ಲರು. ಆ ಅಂಚನ್ನು ಬಾಯಿಂದ ದೂರವಿಡುವುದು ಯಂತ್ರ ಬಲ್ಲವರಿಗೆ ದೊಡ್ಡ ವಿದ್ಯೆಯೇನೂ ಅಲ್ಲವೆಂದು ನನ್ನ ಭಾವನೆ. ಇನ್ನು ಕೊಳವೆಯ ಆಕಾರ. ಅದು ದುಂಡಗಿದ್ದಾಗ ಕೆಳಗಿನಿಂದ ಹಿಸುಕಿದರೆ ಸಡಿಲಗೊಂಡ ಮಂಜಿನ ಗುಂಡು ಥಟ್ಟನೆ ಗಂಟಲಿಗೆ ನುಗ್ಗುತ್ತದೆ. ಅದನ್ನು ಚಪ್ಪಟೆಯಾಗಿ ಮಾಡಬಾರದೇಕೆ?

ಮಂಜು ಕರಗಿಹೋಗುತ್ತದಲ್ಲವೇ ಎಂದು ನೀವು ಕೇಳಬಹುದು. ನಿಜ, ಆದರೆ ಎಲ್ಲ ತಂಪು ತಿನಿಸೂ ಹಾಗಲ್ಲ. ಜಪಾನಿನಲ್ಲಿ ಕೊನ್ಯಾಕು ಎಂಬ ಗೆಡ್ಡೆಯ ಹಿಟ್ಟಿನಿಂದ ಮಾಡಿದ, ಒಂದೇ ತುತ್ತಿಗೆ ಹೀರಿಕೊಳ್ಳುವ ಬಟ್ಟಲಿನ ಜೆಲ್ಲಿಯುಂಟು. ಅದು ಬಾಯಲ್ಲಿ ಕರಗುವುದಿಲ್ಲ. 2008ರಲ್ಲಿ ಅದನ್ನು ಫ್ರೀಜರಿನಲ್ಲಿಟ್ಟು ಕೊಟ್ಟಾಗ ಎರಡು ವರ್ಷವೂ ತುಂಬದ ಮಗುವೊಂದು ಉಸಿರುಕಟ್ಟಿ ತೀರಿಕೊಂಡಿತು. ಯೂರೋಪಿನ ಒಕ್ಕೂಟವು ಅದಕ್ಕೂ ಮೊದಲೇ, 2003ರ ವೇಳೆಗೆ, ಅಂಥ ಜೆಲ್ಲಿಬಟ್ಟಲುಗಳನ್ನು ನಿಷೇಧಿಸಿತ್ತು. "ಜಾಗ್ರತೆಯಿಂದ ತಿನ್ನಿಸಿ" ಎಂಬ ಬರಹವಷ್ಟೇ ಸಾಲದೆಂದು ಅವರು ಕಂಡುಕೊಂಡಿದ್ದರು.

ಕಡ್ಡಿಯ ಸಂಗತಿ ಸ್ವಾರಸ್ಯಕರವಾದುದು. ಕಡ್ಡಿಯ ಕ್ಯಾಂಡಿಯನ್ನು 1905ರಲ್ಲಿ ಆಕಸ್ಮಿಕವಾಗಿ ಕಂಡುಹಿಡಿದವನೆಂದು ಹೇಳಲಾಗುವ ಅಮೆರಿಕದ ಫ್ರ್ಯಾಂಕ್ ಎಪರ್‌ಸನ್ ಆಗ ಹನ್ನೊಂದರ ಬಾಲಕ. ಅವನಿಗೆ ಪೇಟೆಂಟ್ ದೊರೆತದ್ದು 1924ರಲ್ಲಿ. ಕಡ್ಡಿಗೆ ಎಂಥ ಮರ ಒಳ್ಳೆಯದೆಂಬ ವಿಚಾರವೂ ಆ ಪತ್ರದಲ್ಲಿತ್ತು. ನಮ್ಮಲ್ಲಿ ಪ್ಲಾಸ್ಟಿಕ್ಕಿನ ಕ್ಯಾಂಡಿಕಡ್ಡಿ, ಐಸ್‌ಕ್ರೀಮ್ ಕಡ್ಡಿಗಳು 2022ರ ಜುಲೈ 1ರಿಂದ ನಿಷಿದ್ಧವಾದವು. ಅದು ಸ್ವಾಗತಾರ್ಹ, ಆದರೆ ಆ ನಿಷೇಧ ಹುಟ್ಟಿದ್ದು ಕಸದ ಚಿಂತೆಯಿಂದ, ಮಗುವಿನ ನಾಲಿಗೆಯ ಚಿಂತೆಯಿಂದಲ್ಲ. ಸರಿಯಾಗಿ ಉಜ್ಜದ ಮರದ ಕಡ್ಡಿಯಿಂದ ಸಿಬಿರು ಏಳುತ್ತದೆ. ಕ್ಯಾಂಡಿ ಮುಗಿದ ಮೇಲೂ ಕಡ್ಡಿಯನ್ನು ಕಚ್ಚಿಕೊಂಡು ಮಕ್ಕಳು ಓಡುತ್ತಾರೆ. ಎಡವಿ ಬಿದ್ದರೆ ಅದು ನೆಟ್ಟಗೆ ಅಂಗುಳಕ್ಕೆ ನಾಟುತ್ತದೆ. ಕಡ್ಡಿ ಗಿಡ್ಡವಾಗಿ, ಅಗಲವಾಗಿ, ತುದಿ ದುಂಡಾಗಿ, ಮೈ ನುಣುಪಾಗಿ ಇರಬೇಕು.

ಬಣ್ಣದ ವಿಷಯದಲ್ಲಿ ಸರ್ಕಾರಕ್ಕೆ ಸ್ವಲ್ಪ ಎಚ್ಚರ ಬಂದಿದೆ. ಬೊಂಬಾಯಿ ಮಿಠಾಯಿಗೆ ರೋಡಮೈನ್-ಬಿ ಎಂಬ ಬಟ್ಟೆಯ ಬಣ್ಣ ಬೆರೆಸುವುದರ ವಿರುದ್ಧ ನಮ್ಮ ರಾಜ್ಯವು 2024ರ ಮಾರ್ಚಿನಲ್ಲಿ ಕ್ರಮ ಕೈಗೊಂಡಿತು. ಬಣ್ಣಕ್ಕೆ ಸಂದ ಗಮನ ಆಕಾರಕ್ಕೂ ಸಲ್ಲಲಿ.

ಐದು ರೂಪಾಯಿಯ ವಸ್ತುವಿಗೆ ಇಷ್ಟೆಲ್ಲ ಏಕೆ ಎಂದು ನನ್ನ ಅಳಿಯಂದಿರು ನಕ್ಕರು. ಐದು ರೂಪಾಯಿಯದಾದ್ದರಿಂದಲೇ ಅದು ಬಡವರ ಮಕ್ಕಳ ಕೈಗೆ ಹೆಚ್ಚಾಗಿ ಹೋಗುವುದು ಎಂದೆ. ನಿಮ್ಮಲ್ಲಿ ಯಂತ್ರ ವಿನ್ಯಾಸ ಕಲಿತವರು ಹಲವರಿದ್ದೀರಿ. ಪೊಟ್ಟಣದ ಕಾರ್ಖಾನೆಯಲ್ಲಿರುವವರೂ ಒಬ್ಬರಿದ್ದೀರಿ. ಆ ಕಚ್ಚಿಗೆ ಎಷ್ಟು ಪೈಸೆ ಹೆಚ್ಚು ಬೀಳುತ್ತದೆಂದು ಲೆಕ್ಕ ಹಾಕಿ ನನಗೆ ತಿಳಿಸಿರಿ.

ಅಂದಿನ ಆ ಬಾಲಕ ಈಗ ಎರಡು ಮಕ್ಕಳ ತಂದೆಯಂತೆ. ಈ ಪುಟಗಳನ್ನು ಓದುತ್ತಾನೆಂದು ಅವನ ಸೋದರಮಾವ ಹೇಳಿದರು. ಅಪ್ಪಾ, ಆ ಎರಡು ಏಟು ನಿನಗೆ ಸಲ್ಲತಕ್ಕವಾಗಿರಲಿಲ್ಲ. ಕ್ಷಮಿಸು.